ತಲೆ ಬಾಗಿಸಿ ಕುಳಿತಿರುವ ವಿದ್ಯಾರ್ಥಿ

ನಮ್ಮ ಹಳ್ಳಿಯ ಮನೆಗಳಲ್ಲಿ ಸಂಜೆಯ ಹೊತ್ತು ಕಾಣುವ ಒಂದು ನೋಟದಿಂದ ಈ ತಿಂಗಳಿನ ಪಾಠವನ್ನು ಆರಂಭಿಸುತ್ತೇವೆ. ದೀಪ ಹಚ್ಚಿದ ಮೇಲೆ ಹುಡುಗನು ಗೋಡೆಗೆ ಒರಗಿ, ತಲೆ ಬಾಗಿಸಿ, ಅಂಗೈಯಲ್ಲಿ ಮೊಬೈಲನ್ನು ಹಿಡಿದುಕೊಂಡು ಕುಳಿತಿರುತ್ತಾನೆ. ತಾಯಿಯು ಒಲೆಯ ಮುಂದಿನಿಂದ "ಏನು ಮಾಡುತ್ತೀ?" ಎಂದು ಕೇಳುತ್ತಾಳೆ. "ಓದುತ್ತಾ ಇದ್ದೇನೆ" ಎಂಬ ಉತ್ತರವು ಬರುತ್ತದೆ. ಅದು ನಿಜವಾಗಿರಬಹುದು, ನಿಜವಲ್ಲದೆಯೂ ಇರಬಹುದು. ಇವೆರಡರಲ್ಲಿ ಯಾವುದೆಂದು ತಿಳಿಯುವ ಉಪಾಯವು ಆ ತಾಯಿಗಿಲ್ಲ.

ಪೂರ್ವದಲ್ಲಿ ಹೀಗಿರಲಿಲ್ಲ. ಅಕ್ಷರವನ್ನೇ ಅರಿಯದ ತಂದೆತಾಯಿಗಳು ಸಹ ತಮ್ಮ ಮಕ್ಕಳು ಓದುತ್ತಾರೋ ಆಡುತ್ತಾರೋ ಎಂಬುದನ್ನು ಕಣ್ಣಿನಿಂದಲೇ ಕಂಡುಕೊಳ್ಳುತ್ತಿದ್ದರು. ಯಾಕಂದರೆ ಪುಸ್ತಕವು ಒಂದು ವಸ್ತು, ಚಿನ್ನಿಕೋಲು ಬೇರೊಂದು ವಸ್ತು. ಸಿನೆಮಾ ನೋಡಬೇಕಾದರೆ ಪೇಟೆಗೆ ಹೋಗಬೇಕಾಗಿತ್ತು. ಗೆಳೆಯರೊಡನೆ ಹರಟಬೇಕಾದರೆ ಅರಳಿಕಟ್ಟೆಗೆ ಹೋಗಬೇಕಾಗಿತ್ತು. ಸಾಮಾನು ಕೊಳ್ಳಬೇಕಾದರೆ ಸಂತೆಗೆ ಹೋಗಬೇಕಾಗಿತ್ತು. ಈಗಲಾದರೋ ಪಾಠಶಾಲೆ, ಸಿನೆಮಾ, ಅರಳಿಕಟ್ಟೆ, ಸಂತೆ ಇವೆಲ್ಲವೂ ಒಂದೇ ಅಂಗೈಯೊಳಗೆ ಬಂದು ಸೇರಿರುತ್ತವೆ. ಮತ್ತು ಇವೆಲ್ಲವುಗಳ ಮುಂದೆಯೂ ವಿದ್ಯಾರ್ಥಿಯು ಒಂದೇ ರೀತಿಯಾಗಿ ತಲೆ ಬಾಗಿಸಿಯೇ ಕುಳಿತಿರುತ್ತಾನೆ. ವಿದ್ಯಾರ್ಥಿಯ ಜೀವಿತದಲ್ಲಿ ಮೊಬೈಲಿನಿಂದ ಉಂಟಾದ ಬದಲಾವಣೆಗಳು ಅನೇಕವಿದ್ದರೂ, ಅವುಗಳಲ್ಲಿ ಮುಖ್ಯವಾದದ್ದು ಇದೇ ಎಂದು ನಮಗೆ ತೋರುತ್ತದೆ. ಓದುವುದಕ್ಕೂ ಆಡುವುದಕ್ಕೂ ಇದ್ದ ಗೋಡೆಯು ಬಿದ್ದುಹೋಯಿತು. ತಾಯಿಯ ಕಣ್ಣಿಗೆ ಮಾತ್ರವಲ್ಲ, ಕೆಲವು ಸಾರಿ ವಿದ್ಯಾರ್ಥಿಯ ಸ್ವಂತ ಮನಸ್ಸಿಗೂ ಆ ಗೋಡೆ ಕಾಣಿಸದು.

ಈ ಯಂತ್ರವು ನಮ್ಮ ಬಳಿಗೆ ಬಂದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ಮೊಬೈಲಿನ ಮೊದಲನೆಯ ಮಾತು ೧೯೯೫ನೆಯ ಇಸವಿ ಜುಲೈ ೩೧ರಂದು ನಡೆಯಿತು. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಮ್ ಅವರ ಸಂಗಡ ಮಾತಾಡಿದರು. ಅದೇ ವರ್ಷದ ಆಗಸ್ಟ್ ೧೫ರಂದು ಸಾಮಾನ್ಯ ಜನರಿಗಾಗಿ ಇಂಟರ್ನೆಟ್ಟು ತೆರೆಯಲ್ಪಟ್ಟಿತು. ಆದರೆ ಆಗ ಅದು ಪಟ್ಟಣದ ಐಶ್ವರ್ಯವಂತರ ವಸ್ತುವಾಗಿತ್ತೇ ಹೊರತು ಹಳ್ಳಿಯ ವಿದ್ಯಾರ್ಥಿಗೆ ಅದರ ಹೆಸರು ಸಹ ಗೊತ್ತಿರಲಿಲ್ಲ. ಮೊಬೈಲಿಗೆ ಒಬ್ಬರು ಕರೆ ಮಾಡಿದರೆ ಕೇಳಿಸಿಕೊಂಡವನೂ ಹಣ ಕೊಡಬೇಕಾದ ಕಾಲವಿತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ೨೦೧೬ನೆಯ ಇಸವಿ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯು ಬಂದ ನಂತರ ಇಂಟರ್ನೆಟ್ಟಿನ ಬೆಲೆಯು ಬಹಳವಾಗಿ ಇಳಿದು, ಕೂಲಿಯವನ ಮನೆಗೂ ಅದು ಎಟುಕಿತು.

ಅದು ಕೆಲಸ ಮಾಡುವ ರೀತಿಯು ಮಂತ್ರವೇನೂ ಅಲ್ಲ. ನಾವು ಮೊಬೈಲಿನಲ್ಲಿ ಒಂದು ಶಬ್ದವನ್ನು ಹುಡುಕಿದಾಗ ಆ ಬೇಡಿಕೆಯು ಕಣ್ಣಿಗೆ ಕಾಣದ ರೇಡಿಯೋ ಅಲೆಯಾಗಿ ಸಮೀಪದ ಗೋಪುರಕ್ಕೆ ಹೋಗುತ್ತದೆ. ಅಲ್ಲಿಂದ ನೆಲದೊಳಗೆ ಹೂತಿಟ್ಟ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಮೂಲಕ ಬೆಳಕಿನ ರೂಪದಲ್ಲಿ ಓಡಿ, ಅಗತ್ಯವಿದ್ದಲ್ಲಿ ಮುಂಬಯಿ, ಚೆನ್ನೈ, ಕೊಚ್ಚಿ ಮುಂತಾದ ಕಡಲತೀರಗಳಿಂದ ಸಮುದ್ರದ ತಳದಲ್ಲಿ ಹಾಸಿರುವ ತಂತಿಗಳನ್ನು ಹಿಡಿದು ಪರದೇಶದ ಯಂತ್ರಗಳ ತನಕ ಹೋಗಿ, ಉತ್ತರವನ್ನು ತೆಗೆದುಕೊಂಡು ತಿರಿಗಿ ಬರುತ್ತದೆ. ಇಷ್ಟೆಲ್ಲಾ ದಾರಿಯಲ್ಲಿ ಅತಿ ಬಲಹೀನವಾದ ಭಾಗವು ಯಾವುದೆಂದರೆ, ಮನೆಗೂ ಗೋಪುರಕ್ಕೂ ನಡುವಿನ ಆ ಕೆಲವು ಮೈಲುಗಳೇ. ಗುಡ್ಡವು ಅಡ್ಡ ಬಂದರೆ ಅಲೆಯು ನಿಲ್ಲುತ್ತದೆ; ದಟ್ಟವಾದ ಕಾಡು ಅದನ್ನು ಕುಗ್ಗಿಸುತ್ತದೆ. ಆದಕಾರಣವೇ ಮಲೆನಾಡಿನ ಹುಡುಗನು ಸಮುದ್ರದ ಆಚೆಯ ವಿದ್ಯೆಯನ್ನು ಪಡೆಯುವುದಕ್ಕೆ ತನ್ನ ಊರಿನ ಗುಡ್ಡವನ್ನು ಹತ್ತಬೇಕಾಯಿತು.

ಇದು ಬರೀ ಮಾತಿಗಾಗಿ ಹೇಳಿದ್ದಲ್ಲ. ೨೦೨೦ನೆಯ ಇಸವಿ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ, ಪಾಠಗಳೆಲ್ಲಾ ಮೊಬೈಲಿಗೆ ಬಂದವು. ಸುಳ್ಯ, ಬೆಳ್ತಂಗಡಿ, ಜೋಯಿಡಾ ಮೊದಲಾದ ತಾಲೂಕುಗಳ ವಿದ್ಯಾರ್ಥಿಗಳು ಸಿಗ್ನಲನ್ನು ಹುಡುಕುತ್ತಾ ಗುಡ್ಡಗಳ ನೆತ್ತಿಗೆ ಹೋಗಿ, ತೆಂಗಿನ ಗರಿಯ ಚಪ್ಪರವನ್ನೋ ಪ್ಲಾಸ್ಟಿಕ್ಕಿನ ಹೊದಿಕೆಯನ್ನೋ ಕಟ್ಟಿಕೊಂಡು ಪಾಠ ಕೇಳಿದರು. ೨೦೨೧ನೆಯ ಇಸವಿ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಬಳ್ಳಕ ಎಂಬ ಊರಿನಲ್ಲಿ ತೆಗೆದ ಒಂದು ಚಿತ್ರವನ್ನು ಅನೇಕ ವಾಚಕರು ಪತ್ರಿಕೆಗಳಲ್ಲಿ ಕಂಡಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಎಸ್ಸೆಸ್ಸೆಲ್ಸಿಯ ಹುಡುಗಿಯೊಬ್ಬಳು ಮೊಬೈಲಿನಿಂದ ಪಾಠ ಕೇಳುತ್ತಾ ಕುಳಿತಿದ್ದಾಳೆ. ಅವಳ ತಂದೆಯು ಪಕ್ಕದಲ್ಲಿ ನಿಂತು ಅವಳ ಮೇಲೆ ಕೊಡೆಯನ್ನು ಹಿಡಿದಿದ್ದಾನೆ. ಅಲ್ಲಿಯೂ ತಲೆ ಬಾಗಿಯೇ ಇತ್ತು. ಆದರೆ ಆ ತಂದೆಗೆ ಮಗಳು ಏನು ಮಾಡುತ್ತಾಳೆಂಬ ಸಂಶಯವಿರಲಿಲ್ಲ, ಯಾಕಂದರೆ ಆತನು ಅವಳ ಪಕ್ಕದಲ್ಲಿಯೇ ಇದ್ದನು.

ಆ ಎರಡು ವರ್ಷಗಳ ವಿಷಯವಾಗಿ ಇನ್ನಷ್ಟು ಹೇಳುವುದು ಅವಶ್ಯ. ಸರಕಾರದವರು ೨೦೨೦ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಗಳನ್ನು ಆರಂಭಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಏರ್ಪಾಟಿನ ಪ್ರಕಾರ ಉಪಾಧ್ಯಾಯರು ತಾವೇ ಊರೂರಿಗೆ ಹೋಗಿ, ಗುಡಿಯ ಜಗಲಿಯಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿ ಕಲಿಸಿದರು. ರೋಗವು ಹಬ್ಬಿದ್ದರಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಈ ಮಧ್ಯೆ ಬಡವರಾದ ತಂದೆತಾಯಿಗಳು ಮೇಕೆಯನ್ನು ಮಾರಿ, ಸಂಘದಿಂದ ಸಾಲ ತೆಗೆದು, ಮಕ್ಕಳಿಗೋಸ್ಕರ ಮೊಬೈಲನ್ನು ಕೊಂಡರು. ಪ್ರಥಮ್ ಎಂಬ ಸಂಸ್ಥೆಯವರು ದೇಶದ ಹಳ್ಳಿಗಳಲ್ಲಿ ನಡಿಸುವ 'ಅಸರ್' ಎಂಬ ಪರಿಶೋಧನೆಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಮನೆಗಳು ೨೦೧೮ರಲ್ಲಿ ನೂರಕ್ಕೆ ೩೬.೫ ಆಗಿದ್ದು, ೨೦೨೦ರಲ್ಲಿ ೬೧.೮ ಆದವು. ಎರಡೇ ವರ್ಷಗಳಲ್ಲಿ ಇಷ್ಟು ಬೇಗನೆ ಹಳ್ಳಿಯ ಮನೆಯೊಳಗೆ ಬಂದ ಬೇರೆ ಯಾವ ವಸ್ತುವೂ ನಮ್ಮ ನೆನಪಿಗೆ ಬರುವುದಿಲ್ಲ.

ಹೀಗೆ ಮೊಬೈಲು ಹಳ್ಳಿಯ ಮನೆಗೆ ಬಂದದ್ದು ಪಾಠಪುಸ್ತಕದ ವೇಷದಲ್ಲಿ. ಅದನ್ನು ಕೊಡಿಸಿದ ತಂದೆಯು ತಾನು ವಿದ್ಯೆಯನ್ನೇ ಕೊಡಿಸಿದೆನೆಂದು ನಂಬಿದನು. ಆದರೆ ಅದೇ ತಿಂಗಳುಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ೨೦೨೦ನೆಯ ಇಸವಿ ಜೂನ್ ಅಂತ್ಯದಲ್ಲಿ ಸರಕಾರವು ಟಿಕ್‌ಟಾಕ್ ಎಂಬುದನ್ನು ನಿಷೇಧಿಸಿತು. ಆ ಬರಿದಾದ ಸ್ಥಳವನ್ನು ತುಂಬುವುದಕ್ಕಾಗಿ ಜುಲೈಯಲ್ಲಿ ಇನ್‌ಸ್ಟಾಗ್ರಾಮಿನವರು ರೀಲ್ಸ್ ಎಂಬುದನ್ನೂ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನವರು ಶಾರ್ಟ್ಸ್ ಎಂಬುದನ್ನೂ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದರು. ಶಾರ್ಟ್ಸ್ ಎಂಬುದಂತೂ ಲೋಕದಲ್ಲಿ ಎಲ್ಲಕ್ಕಿಂತ ಮೊದಲು ಪರೀಕ್ಷೆಗೆ ಬಿಡಲ್ಪಟ್ಟದ್ದು ಭಾರತದಲ್ಲಿಯೇ. ಶಾಲೆಯು ಮುಚ್ಚಿದೆ, ಕೈಗೆ ಹೊಸ ಮೊಬೈಲು ಬಂದಿದೆ, ಅದರೊಳಗೆ ಅರ್ಧ ನಿಮಿಷದ ಚಿತ್ರಗಳು ಸಾಲುಗಟ್ಟಿ ನಿಂತಿವೆ. ಹೀಗಿರಲಾಗಿ ಹದಿನಾಲ್ಕು ವರ್ಷದ ಹುಡುಗನನ್ನೇ ದೂರುವುದು ನ್ಯಾಯವೆಂದು ನಾವು ಹೇಳಲಾರೆವು.

ಶಾಲೆ ಮುಚ್ಚಿದ್ದರಿಂದಾದ ನಷ್ಟವು ಅಲ್ಪವಲ್ಲ. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ದೇಶದ ಹಳ್ಳಿಗಳಲ್ಲಿ ೨೦೧೮ರಲ್ಲಿ ನೂರಕ್ಕೆ ೨೭.೩ ಇದ್ದವರು ೨೦೨೨ರಲ್ಲಿ ೨೦.೫ಕ್ಕೆ ಇಳಿದರು, ಶಾಲೆಗಳು ತೆರೆದ ಮೇಲೆ ೨೦೨೪ರಲ್ಲಿ ತಿರಿಗಿ ೨೭.೧ಕ್ಕೆ ಬಂದರು. ಇದರಿಂದ ಉಪಾಧ್ಯಾಯನ ಮುಖವನ್ನು ನೋಡಿ ಕಲಿಯುವುದಕ್ಕೆ ಬದಲಾಗಿ ಮೊಬೈಲನ್ನು ನಿಲ್ಲಿಸಲಾಗದೆಂಬುದು ಸ್ಪಷ್ಟವಾಗುತ್ತದೆ. ಆದರೆ ಮೊಬೈಲೇ ಈ ನಷ್ಟವನ್ನು ಮಾಡಿತೆಂದು ಹೇಳಿದರೆ ತಪ್ಪಾದೀತು. ಅದೂ ಇಲ್ಲದಿದ್ದರೆ ಅನೇಕ ಮಕ್ಕಳಿಗೆ ಆ ದಿನಗಳಲ್ಲಿ ಏನೂ ಇರುತ್ತಿರಲಿಲ್ಲ.

ಈಗ ಪ್ರಯೋಜನಗಳನ್ನು ನೋಡೋಣ. ಇವುಗಳನ್ನು ನ್ಯಾಯವಾಗಿ ಒಪ್ಪಿಕೊಳ್ಳದವನ ಬುದ್ಧಿಮಾತನ್ನು ಮಕ್ಕಳು ಕೇಳುವುದಿಲ್ಲ. ಫರ್ದಿನಾಂದ್ ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಆ ದೊಡ್ಡ ಗ್ರಂಥವನ್ನು ಮುಟ್ಟಿ ನೋಡಬೇಕಾದರೆ ಒಂದು ಕಾಲದಲ್ಲಿ ಪಟ್ಟಣದ ಪುಸ್ತಕಶಾಲೆಗೆ ಹೋಗಿ, ಕಪಾಟಿನ ಬೀಗದ ಕೈಯನ್ನು ಇಟ್ಟುಕೊಂಡಿರುವ ಗುಮಾಸ್ತನ ದಯೆಗಾಗಿ ಕಾಯಬೇಕಾಗಿತ್ತು. ಈಗ ದನ ಕಾಯುವ ಹುಡುಗನು ಹೊಲದ ಬದುವಿನ ಮೇಲೆ ಕುಳಿತು ಅದನ್ನು ಹಣವಿಲ್ಲದೆ ತೆರೆಯಬಹುದು. ಕನ್ನಡದ ವಿಕಿಪೀಡಿಯವು ೨೦೦೩ರಿಂದ ನಡೆಯುತ್ತಿದೆ. ೨೦೧೭ರಲ್ಲಿ ಆರಂಭವಾದ 'ದೀಕ್ಷಾ' ಎಂಬ ಸರಕಾರದ ಏರ್ಪಾಟಿನಿಂದ, ಪಾಠಪುಸ್ತಕದಲ್ಲಿ ಅಚ್ಚುಮಾಡಿರುವ ಚೌಕದ ಗುರುತನ್ನು ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸೇರಿದ ಚಿತ್ರಗಳೂ ವಿವರಣೆಗಳೂ ಕಾಣುತ್ತವೆ. ಹೃದಯವು ರಕ್ತವನ್ನು ತಳ್ಳುವುದನ್ನು ಕಪ್ಪು ಹಲಗೆಯ ಮೇಲೆ ಬರೆದು ತಿಳಿಸಲು ಉಪಾಧ್ಯಾಯನಿಗೆ ಒಂದು ಗಂಟೆ ಬೇಕು. ಚಲಿಸುವ ಚಿತ್ರದಲ್ಲಿ ಅದು ಎರಡು ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ಕಣ್ಣಿಲ್ಲದ ವಿದ್ಯಾರ್ಥಿಗೆ ಮೊಬೈಲು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಿಂದೆ ಅವನು ತನಗೆ ಓದಿ ಹೇಳುವವರನ್ನು ಕಾಯುತ್ತಾ ಕುಳಿತಿರಬೇಕಾಗಿತ್ತು. ಇದೊಂದೇ ಉಪಕಾರಕ್ಕಾಗಿ ಈ ಯಂತ್ರವನ್ನು ಕಂಡುಹಿಡಿದವರನ್ನು ಸ್ಮರಿಸಬಹುದು.

ಶಾಲೆಯ ಹೊರಗಿನ ವ್ಯವಹಾರವೂ ಅದರೊಳಗೇ ಸೇರಿಹೋಗಿದೆ. ಪರೀಕ್ಷೆಯ ಫಲಿತಾಂಶಕ್ಕಾಗಿ ಪೇಟೆಯಿಂದ ಬರುವ ಪತ್ರಿಕೆಯನ್ನು ಕಾದು, ಸಣ್ಣ ಅಕ್ಷರಗಳ ಸಾಲಿನಲ್ಲಿ ತನ್ನ ನಂಬರನ್ನು ಬೆರಳಿಟ್ಟು ಹುಡುಕುತ್ತಿದ್ದ ದಿನಗಳು ಈ ಲೇಖಕನ ವಯಸ್ಸಿನವರಿಗೆ ನೆನಪಿರುತ್ತವೆ. ಈಗ ಫಲಿತಾಂಶ, ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಬಸ್ಸಿನ ಪಾಸು ಎಲ್ಲವೂ ಇಂಟರ್ನೆಟ್ಟಿನ ಮೂಲಕವೇ. ಇದು ಅನುಕೂಲವೇ ಸರಿ. ಆದರೆ ಇಲ್ಲಿಯೂ ಬಡವರು ಗಮನಿಸಬೇಕಾದ ಒಂದು ಸಂಗತಿಯುಂಟು. ವಿದ್ಯಾರ್ಥಿವೇತನದ ಅರ್ಜಿಗೆ ಕೊಟ್ಟ ಮೊಬೈಲ್ ನಂಬರಿಗೆ ಗುಪ್ತಸಂಖ್ಯೆಯು ಬರುತ್ತದೆ. ರೀಚಾರ್ಜ್ ಮಾಡದೆ ಆ ನಂಬರು ಸತ್ತುಹೋಗಿದ್ದರೆ ಅರ್ಜಿಯು ಮುಂದಕ್ಕೆ ಹೋಗುವುದಿಲ್ಲ. ಅಂಗಡಿಯವನ ನಂಬರನ್ನೋ ನೆರೆಯವನ ನಂಬರನ್ನೋ ಕೊಟ್ಟು ಆಮೇಲೆ ಅಲೆದಾಡಿದ ಹುಡುಗರನ್ನು ನಾವು ಕಂಡಿದ್ದೇವೆ. ಮಕ್ಕಳ ಶಾಲೆಯ ಕಾಗದಗಳಿಗೆ ಯಾವ ನಂಬರನ್ನು ಕೊಟ್ಟಿದೆಯೋ ಅದನ್ನು ಮನೆಯವರು ಬದಲಾಯಿಸದೆ ಜೀವಂತವಾಗಿ ಇಟ್ಟುಕೊಳ್ಳತಕ್ಕದ್ದು.

ಇನ್ನು ಕಷ್ಟದ ಭಾಗಕ್ಕೆ ಬರುತ್ತೇವೆ. ಪುಸ್ತಕಕ್ಕೆ ಕಡೆಯ ಪುಟವೆಂಬುದು ಒಂದುಂಟು. ಓದಿದವನು ಅದನ್ನು ಮುಚ್ಚಿ ಎದ್ದುಹೋಗುತ್ತಾನೆ. ಮೊಬೈಲಿನ ಚಿತ್ರಗಳಿಗೆ ಕಡೆಯ ಪುಟವಿಲ್ಲ. ಅದು ಮರೆವಿನಿಂದ ಬಿಟ್ಟುಹೋದದ್ದೂ ಅಲ್ಲ. ಯಾಕಂದರೆ ಇವುಗಳನ್ನು ನಡಿಸುವ ಕಂಪೆನಿಗಳು ನೋಡುವವರಿಂದ ಹಣವನ್ನು ಕೇಳುವುದಿಲ್ಲ. ಜಾಹೀರಾತು ಕೊಡುವವರಿಂದ ತೆಗೆದುಕೊಳ್ಳುತ್ತವೆ. ಹುಡುಗನು ಎಷ್ಟು ಹೆಚ್ಚು ಹೊತ್ತು ನೋಡುತ್ತಾನೋ ಅಷ್ಟು ಹೆಚ್ಚು ಜಾಹೀರಾತುಗಳು ಅವನ ಕಣ್ಣಿಗೆ ಬೀಳುತ್ತವೆ. ಆದದರಿಂದ ಅವನು ಯಾವ ಚಿತ್ರದ ಮುಂದೆ ನಿಂತನು, ಯಾವುದನ್ನು ಬೇಗನೆ ದಾಟಿದನು, ಯಾವುದನ್ನು ಎರಡು ಸಾರಿ ನೋಡಿದನು ಎಂಬುದೆಲ್ಲವನ್ನು ಯಂತ್ರವು ಲೆಕ್ಕವಿಟ್ಟು, ಅವನಿಗೆ ರುಚಿಸುವಂಥದ್ದನ್ನೇ ಮುಂದೆ ಮುಂದೆ ತಂದಿಡುತ್ತದೆ. ಅಂಗಡಿಯವನು ಬೆಲ್ಲದ ಚೂರನ್ನು ಪುಕ್ಕಟೆಯಾಗಿ ಕೊಡುತ್ತಾ ಮಗುವನ್ನು ಅಂಗಡಿಯೊಳಗೆ ಕೂಡಿಸಿಕೊಂಡಂತೆ ಇದಾಗುತ್ತದೆ.

ಹತ್ತು ನಿಮಿಷ ಆಡಿದರೆ ಹತ್ತು ನಿಮಿಷದ ನಷ್ಟವಷ್ಟೇ ಎಂದು ಕೆಲವರು ಹೇಳುವರು. ಹಾಗಲ್ಲ. ವಿಶ್ವಸಂಸ್ಥೆಗೆ ಸೇರಿದ ಯುನೆಸ್ಕೋದವರು ೨೦೨೩ರಲ್ಲಿ ಪ್ರಕಟಿಸಿದ ವಿದ್ಯಾಭ್ಯಾಸದ ವರದಿಯಲ್ಲಿ, ಒಂದು ಸಾರಿ ಮನಸ್ಸು ಪಾಠದಿಂದ ಚದರಿದರೆ ವಿದ್ಯಾರ್ಥಿಯು ತಿರಿಗಿ ಅದೇ ಏಕಾಗ್ರತೆಗೆ ಬರಲು ಇಪ್ಪತ್ತು ನಿಮಿಷಗಳ ವರೆಗೂ ಹಿಡಿಯಬಹುದೆಂದು ತಿಳಿಸಿದ್ದಾರೆ. ಒಂದು ಗಂಟೆಯಲ್ಲಿ ಮೂರು ಸಾರಿ ಮೊಬೈಲು ಗುಯ್ಗುಟ್ಟಿದರೆ ಏನುಳಿಯುವದೆಂಬದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಲಿ. ಹುಡುಗನು ಮೂರು ತಾಸು ಕುಳಿತಿದ್ದನು ಎಂದು ತಂದೆಯು ಸಾಕ್ಷಿ ಹೇಳುತ್ತಾನೆ. ಹುಡುಗನೂ ಸುಳ್ಳು ಹೇಳದೆ "ಮೂರು ತಾಸು ಓದಿದೆನು" ಎನ್ನುತ್ತಾನೆ. ಆದರೂ ಪರೀಕ್ಷೆಯಲ್ಲಿ ಏನೂ ನೆನಪಿಗೆ ಬರುವುದಿಲ್ಲ. ಮನೆಯವರು ಮಗುವಿಗೆ ಬುದ್ಧಿ ಕಡಿಮೆಯೆಂದು ನಿಶ್ಚಯಿಸಿ ಶಾಲೆ ಬಿಡಿಸುವ ಯೋಚನೆ ಮಾಡುತ್ತಾರೆ. ಇಂಥ ಮನೆಗಳು ಒಂದೆರಡಲ್ಲ. ಬುದ್ಧಿಯು ಕಡಿಮೆಯಾದದ್ದಲ್ಲ, ಮುರಿಯದೆ ಇರುವ ಒಂದು ಗಂಟೆಯು ಅವನಿಗೆ ಸಿಕ್ಕದೆ ಹೋದದ್ದು.

ಇನ್ನೊಂದು ಸೂಕ್ಷ್ಮವಾದ ನಷ್ಟವುಂಟು. ಹಿಂದೆ ಕಪ್ಪು ಹಲಗೆಯ ಮೇಲಿದ್ದದ್ದನ್ನು ಕೈಯಿಂದ ಬರೆದುಕೊಳ್ಳುವಾಗಲೇ ಅರ್ಧ ಪಾಠವು ತಲೆಗೆ ಹತ್ತುತ್ತಿತ್ತು. ಈಗ ಕಾಲೇಜಿನ ಹುಡುಗರು ಹಲಗೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಎದ್ದುಹೋಗುತ್ತಾರೆ. ಪಾಠವು ಮೊಬೈಲಿಗೆ ಬಂದಿದೆ, ವಿದ್ಯಾರ್ಥಿಗೆ ಬಂದಿಲ್ಲ. ೨೦೨೨ನೆಯ ಇಸವಿ ನವೆಂಬರ್ ೩೦ರಂದು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಯ ಯಂತ್ರವು ಲೋಕಕ್ಕೆ ಬಂದ ಮೇಲೆ ಇದು ಇನ್ನೂ ಮುಂದಕ್ಕೆ ಹೋಗಿದೆ. ಮಳೆಗಾಲದ ಮೇಲೆ ಪ್ರಬಂಧ ಬರೆದುಕೊಡು ಎಂದು ಹೇಳಿದರೆ ಅದು ಕನ್ನಡದಲ್ಲಿಯೂ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಅರ್ಥವಾಗದ ಲೆಕ್ಕವನ್ನು ಹತ್ತು ಸಾರಿ ಕೇಳಿದರೂ ಬೇಸರವಿಲ್ಲದೆ ವಿವರಿಸುತ್ತದೆ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಇದು ಸಣ್ಣ ಸಹಾಯವಲ್ಲ. ಆದರೆ ತಿಳಿಯದ್ದನ್ನು ಸಹ ತಿಳಿದವನ ಸ್ವರದಲ್ಲಿಯೇ ಹೇಳುವ ದುರಭ್ಯಾಸ ಅದಕ್ಕುಂಟು. ತಪ್ಪನ್ನು ಕಂಡುಹಿಡಿಯಲು ಮೊದಲು ಸ್ವಲ್ಪ ತಿಳಿದಿರಬೇಕು. ಏನೂ ತಿಳಿಯದವನು ಅದರ ಸುಳ್ಳನ್ನು ಶುದ್ಧ ಅಕ್ಷರದಲ್ಲಿ ನಕಲು ಮಾಡಿ ಉಪಾಧ್ಯಾಯನಿಗೆ ಕೊಡುತ್ತಾನೆ.

ಈ ಎಲ್ಲಾ ಭಯಗಳನ್ನು ಕೇಳಿದ ಕೂಡಲೆ ಕೆಲವು ತಂದೆಗಳು ಏನು ಮಾಡುತ್ತಾರಂದರೆ, ಮಗಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುತ್ತಾರೆ. ಮಗನ ಕೈಯಿಂದ ಕಸಿಯುವವರು ಕಡಿಮೆ. ಇದನ್ನು ನಾವು ಸುಮ್ಮನೆ ದಾಟಿಹೋಗಲಾರೆವು. ೨೦೨೪ನೆಯ ಇಸವಿಯ ಅಸರ್ ಪರಿಶೋಧನೆಯಲ್ಲಿ ಹದಿನಾಲ್ಕರಿಂದ ಹದಿನಾರು ವರ್ಷದ ಹಳ್ಳಿಯ ಮಕ್ಕಳನ್ನು ವಿಚಾರಿಸಿದಾಗ, ಹುಡುಗರ ಮನೆಯಲ್ಲಿಯೂ ಹುಡುಗಿಯರ ಮನೆಯಲ್ಲಿಯೂ ಸ್ಮಾರ್ಟ್‌ಫೋನ್ ಇರುವುದು ಹೆಚ್ಚುಕಡಿಮೆ ಸಮವಾಗಿ, ನೂರಕ್ಕೆ ತೊಂಬತ್ತರ ಹತ್ತಿರ ಇತ್ತು. ಆದರೆ ಅದನ್ನು ಉಪಯೋಗಿಸಲು ಬಲ್ಲವರು ಹುಡುಗರಲ್ಲಿ ೮೫.೫, ಹುಡುಗಿಯರಲ್ಲಿ ೭೯.೪. ಹಾಗೆ ಬಲ್ಲವರಲ್ಲಿ ಸ್ವಂತ ಮೊಬೈಲು ಉಳ್ಳವರು ಹುಡುಗರಲ್ಲಿ ೩೬.೨, ಹುಡುಗಿಯರಲ್ಲಿ ೨೬.೯. ಅದೇ ಪರಿಶೋಧನೆಯಲ್ಲಿ, ಉಪಯೋಗಿಸಲು ಬಲ್ಲ ಮಕ್ಕಳೊಳಗೆ ಹಿಂದಿನ ವಾರದಲ್ಲಿ ಓದಿನ ಕೆಲಸಕ್ಕಾಗಿ ಅದನ್ನು ಹಿಡಿದವರು ನೂರಕ್ಕೆ ೫೭, ಸಾಮಾಜಿಕ ಜಾಲತಾಣಗಳಿಗಾಗಿ ಹಿಡಿದವರು ೭೬ ಎಂದು ಕಂಡುಬಂತು. ಹೀಗೆ ಮನೆಯಲ್ಲಿ ವಸ್ತುವು ಇದ್ದರೂ ಅದು ಯಾರ ಕೈಯಲ್ಲಿರುತ್ತದೆ, ಯಾತಕ್ಕಾಗಿ ಇರುತ್ತದೆ ಎಂಬುದರಲ್ಲಿಯೇ ಭೇದವಿರುವದು.

ಕೇರಳದ ಕೋಳಿಕ್ಕೋಡು ಜಿಲ್ಲೆಯ ಒಂದು ಕಾಲೇಜಿನ ಹುಡುಗಿಯರ ವಸತಿಗೃಹದಲ್ಲಿ ೨೦೧೯ರಲ್ಲಿ ಒಂದು ಕಟ್ಟಳೆ ಇತ್ತು. ಸಂಜೆ ಆರರಿಂದ ರಾತ್ರಿ ಹತ್ತರ ತನಕ ಯಾರೂ ಮೊಬೈಲನ್ನು ಮುಟ್ಟಕೂಡದು. ಅದನ್ನು ಒಪ್ಪದ ವಿದ್ಯಾರ್ಥಿನಿಯೊಬ್ಬಳನ್ನು ವಸತಿಗೃಹದಿಂದ ಹೊರಗೆ ಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ೨೦೧೯ನೆಯ ಇಸವಿ ಸೆಪ್ಟೆಂಬರ್ ೧೯ರಂದು ನ್ಯಾಯಮೂರ್ತಿಗಳಾದ ಪಿ. ವಿ. ಆಶಾ ಅವರು, ಇಂಟರ್ನೆಟ್ಟನ್ನು ಉಪಯೋಗಿಸುವ ಹಕ್ಕು ವಿದ್ಯಾಭ್ಯಾಸದ ಹಕ್ಕಿನಲ್ಲಿಯೂ ಏಕಾಂತದ ಹಕ್ಕಿನಲ್ಲಿಯೂ ಸೇರಿದೆಯೆಂದು ತೀರ್ಪು ಕೊಟ್ಟು, ಅವಳನ್ನು ತಿರಿಗಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿದರು. ವಸತಿಗೃಹದ ಅಧಿಕಾರಿಗಳ ಉದ್ದೇಶವು ಕೆಟ್ಟದ್ದಾಗಿತ್ತೆಂದು ಹೇಳಬೇಕಾಗಿಲ್ಲ. ಮಕ್ಕಳು ಓದಲಿ ಎಂದೇ ಅವರು ಕಟ್ಟಳೆ ಮಾಡಿದ್ದರು. ಆದರೆ ಆಡುವ ಪಾತ್ರೆಯೂ ಓದುವ ಪಾತ್ರೆಯೂ ಒಂದೇ ಆಗಿರುವಾಗ ಪಾತ್ರೆಯನ್ನು ಕಸಿದುಕೊಂಡರೆ ಎರಡೂ ಹೋಗುತ್ತವೆ.

ಅಪಾಯಗಳ ವಿಷಯವಾಗಿ ಎರಡು ಮಾತು ಸಾಕು. ಹಣವಿಟ್ಟು ಆಡುವ ಮೊಬೈಲಿನ ಆಟಗಳಲ್ಲಿ ತಂದೆಯ ಬ್ಯಾಂಕಿನ ಹಣವನ್ನು ಕಳೆದುಕೊಂಡು ಮುಖ ತೋರಿಸಲಾರದೆ ಮನೆ ಬಿಟ್ಟುಹೋದ ಹುಡುಗರಿದ್ದಾರೆ. ಇಂಥ ಹಣದ ಆಟಗಳನ್ನು ೨೦೨೫ನೆಯ ಇಸವಿ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ನಿಷೇಧಿಸಿತು. ಆದರೂ ಹೊಸ ಹೆಸರಿನಿಂದ ಬರುವ ಕರೆಗಳನ್ನು ನಂಬಕೂಡದು. ಮೋಸದಿಂದ ಹಣ ಹೋದರೆ ತಡಮಾಡದೆ ೧೯೩೦ ಎಂಬ ನಂಬರಿಗೆ, ಅಂದರೆ ಒಂದು ಒಂಬತ್ತು ಮೂರು ಸೊನ್ನೆಗೆ, ಕರೆ ಮಾಡಬೇಕು. ಬೇಗನೆ ತಿಳಿಸಿದರೆ ಹಣವು ಮೋಸಗಾರನ ಕೈಸೇರುವ ಮೊದಲು ತಡೆಯಲ್ಪಡುವ ಸಂಭವವುಂಟು. ಯಾರಾದರೂ ಚಿತ್ರಗಳನ್ನು ಇಟ್ಟುಕೊಂಡು ಹುಡುಗಿಯನ್ನೋ ಹುಡುಗನನ್ನೋ ಹೆದರಿಸಿದರೆ ಮಕ್ಕಳ ಸಹಾಯದ ನಂಬರು ೧೦೯೮. ಇವುಗಳನ್ನು ಬಾಗಿಲಿನ ಹಿಂದೆ ಸೀಮೆಸುಣ್ಣದಿಂದ ಬರೆದಿಟ್ಟರೆ ಒಳ್ಳೇದು. ಹೆದರಿದ ಮಗುವನ್ನು ಮೊದಲು ಬೈಯುವ ಮನೆಯಲ್ಲಿ ಮಗುವು ಎರಡನೆಯ ಸಾರಿ ಬಾಯಿ ಬಿಡುವುದಿಲ್ಲ.

ಇಲ್ಲಿ ಒಂದು ಪ್ರಶ್ನೆಯು ಹುಟ್ಟುತ್ತದೆ. ಅಕ್ಷರ ಬಾರದ ತಾಯಿಯು ತಲೆ ಬಾಗಿಸಿ ಕುಳಿತ ಮಗನು ಏನು ಮಾಡುತ್ತಾನೆಂದು ಹೇಗೆ ತಿಳಿಯಬೇಕು? ಇದಕ್ಕೆ ಯಂತ್ರದೊಳಗೇ ಒಂದು ಸಹಾಯವುಂಟು. ಇದು ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆಂಡ್ರಾಯ್ಡ್ ಮೊಬೈಲುಗಳ ಸೆಟ್ಟಿಂಗ್ಸ್ ಎಂಬಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂಬ ಒಂದು ಭಾಗವಿರುತ್ತದೆ. ಅದನ್ನು ತೆರೆದರೆ, ಈ ದಿನ ಮೊಬೈಲನ್ನು ಒಟ್ಟು ಎಷ್ಟು ಹೊತ್ತು ನೋಡಲಾಯಿತು, ಯಾವ ಯಾವ ಆ್ಯಪಿನಲ್ಲಿ ಎಷ್ಟು ನಿಮಿಷ ಹೋಯಿತು, ಎಷ್ಟು ಸಾರಿ ಬೀಗ ತೆಗೆಯಲಾಯಿತು ಎಂಬ ಲೆಕ್ಕವೆಲ್ಲಾ ಕಾಣುತ್ತದೆ. ಎಷ್ಟೋ ಮೊಬೈಲುಗಳಲ್ಲಿ ಇದು ಬಣ್ಣದ ಒಂದು ಚಕ್ರವಾಗಿ ತೋರುತ್ತದೆ. ಓದು ಬಾರದವರೂ ಆ ಚಕ್ರದ ದೊಡ್ಡ ತುಂಡು ಯಾವ ಚಿತ್ರದ ಗುರುತಿಗೆ ಸೇರಿದೆಯೆಂದು ನೋಡಿ ತಿಳಿಯಬಹುದು. ಒಂದು ಆ್ಯಪಿಗೆ ದಿನಕ್ಕೆ ಇಷ್ಟೇ ನಿಮಿಷವೆಂದು ಅಲ್ಲಿಯೇ ಕಟ್ಟು ಹಾಕುವುದಕ್ಕೂ ಆಗುತ್ತದೆ. ಆದರೆ ಇದನ್ನು ಕಳ್ಳನನ್ನು ಹಿಡಿಯುವ ಹಾಗೆ ಮರೆಯಲ್ಲಿ ನೋಡುವುದಕ್ಕಿಂತ, ವಾರಕ್ಕೊಮ್ಮೆ ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು ಇಬ್ಬರೂ ಕೂಡಿ ನೋಡುವುದು ಮೇಲು. ಹೆಚ್ಚಾಗಿ ಆಶ್ಚರ್ಯಪಡುವವನು ಮಗನೇ. ತನ್ನ ಹೊತ್ತು ಇಷ್ಟು ಹೋಯಿತೆಂದು ಅವನಿಗೂ ತಿಳಿದಿರುವುದಿಲ್ಲ. ತಂದೆಯು ಸಹ ತನ್ನ ಮೊಬೈಲಿನ ಚಕ್ರವನ್ನು ಅದೇ ಹೊತ್ತಿಗೆ ತೋರಿಸಬೇಕಾಗುವದು. ಇದನ್ನು ಮಾಡಿ ನೋಡಿದ ಒಬ್ಬ ಗೃಹಸ್ಥನು, ಆ ದಿನ ಬುದ್ಧಿ ಹೇಳಬೇಕೆಂದು ಕುಳಿತವನು ತಾನೇ ಬಾಯಿ ಮುಚ್ಚಿ ಎದ್ದುಹೋದೆನೆಂದು ನಮಗೆ ನಗುತ್ತಾ ಹೇಳಿದನು.

ಹೊತ್ತಿನ ಏರ್ಪಾಟು ಮನೆಮನೆಗೆ ಬೇರೆಯಾಗಿರಬಹುದು. ಪಾಠವನ್ನು ಮೊಬೈಲಿನಿಂದ ಕೇಳಬೇಕಾದರೆ ಮೊದಲೇ ಇಳಿಸಿಟ್ಟುಕೊಂಡು, ಆಮೇಲೆ ಇಂಟರ್ನೆಟ್ಟನ್ನು ಮುಚ್ಚಿ ನೋಡಬಹುದು. ಆಗ ನಡುವೆ ಬೇರೆ ಯಾವುದೂ ಬಂದು ಬಾಗಿಲು ತಟ್ಟುವುದಿಲ್ಲ. ಹಿಂದೆ ಸಿಗ್ನಲಿಲ್ಲದ ಊರುಗಳವರು ಅನಿವಾರ್ಯವಾಗಿ ಮಾಡುತ್ತಿದ್ದ ಈ ಕೆಲಸವನ್ನು ಈಗ ಸಿಗ್ನಲುಳ್ಳವರು ಬೇಕೆಂದು ಮಾಡಬೇಕಾಗಿ ಬಂದಿರುವುದು ವಿಚಿತ್ರವೇ. ರಾತ್ರಿ ಮಲಗುವಾಗ ಮೊಬೈಲು ಮಗುವಿನ ದಿಂಬಿನ ಕೆಳಗೆ ಇರಕೂಡದು. ಉಪಾಧ್ಯಾಯರು ಸಹ ರಾತ್ರಿ ಒಂಬತ್ತು ಗಂಟೆಗೆ ವಾಟ್ಸ್‌ಆ್ಯಪಿನಲ್ಲಿ ಮನೆಪಾಠವನ್ನು ಕಳುಹಿಸುವುದನ್ನು ಬಿಟ್ಟರೆ, ಮೊಬೈಲನ್ನು ಕೆಳಗಿಡು ಎಂದು ಹೇಳುವ ತಾಯಿಗೆ ಸಹಾಯವಾದೀತು.

ನಾವು ಬಲ್ಲ ಒಂದು ಮನೆಯಲ್ಲಿ ತಾಯಿಗೆ ಅಕ್ಷರ ಬಾರದು. ಮಗಳು ಒಂಬತ್ತನೆಯ ತರಗತಿ. ಊಟಕ್ಕೆ ಮುಂಚೆ ತಾಯಿಯು ಮೊರದಲ್ಲಿ ಅಕ್ಕಿಯನ್ನು ಆರಿಸುತ್ತಾ, ಈ ಹೊತ್ತು ಮೊಬೈಲಿನಲ್ಲಿ ಏನು ಓದಿದೆಯೋ ಅದನ್ನು ನನಗೆ ತಿಳಿಯುವ ಹಾಗೆ ಹೇಳು ಎಂದು ಕೇಳುತ್ತಾಳೆ. ಮಗಳು ಮೊಬೈಲನ್ನು ಕಣಜದ ಮೇಲಿಟ್ಟು, ಕೈಯಾಡಿಸಿ ಹೇಳುತ್ತಾಳೆ. ನಾವು ಅಲ್ಲಿಗೆ ಹೋಗಿದ್ದ ದಿನ ಗ್ರಹಣದ ಪಾಠವು ನಡೆಯುತ್ತಿತ್ತು. ಚಂದ್ರನು ಭೂಮಿಯ ನೆರಳಿನೊಳಗೆ ಹೋಗುತ್ತಾನೆಂದು ಅವಳು ಹೇಳಿದಾಗ, ಹಾಗಾದರೆ ಪ್ರತಿ ಹುಣ್ಣಿಮೆಗೂ ಯಾಕೆ ಹೋಗುವುದಿಲ್ಲವೆಂದು ತಾಯಿಯು ಕೇಳಿದಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು, ಕಣಜದ ಮೇಲಿಂದ ಮೊಬೈಲನ್ನು ತೆಗೆದುಕೊಂಡು ಬಂದು, ತಾಯಿಯ ಪಕ್ಕದಲ್ಲಿ ದೀಪದ ಬೆಳಕಿಗೆ ಕುಳಿತು ಹುಡುಕತೊಡಗಿದಳು. ತಾಯಿಯೂ ಮೊರವನ್ನು ಬದಿಗಿಟ್ಟು ತಲೆ ಬಾಗಿಸಿದಳು.